ಹೂತಿಟ್ಟ ವರ ಚಿಗುರೀತೇ?



ಒಡೆಯನು ಕೊಟ್ಟ ಹಣವನ್ನು ನೆಲದಲ್ಲಿ ಹೂತಿಟ್ಟ ಸೇವಕನ ಸಾಮತಿ ನಮಗೆಲ್ಲ ಗೊತ್ತು (ಮತ್ತಾಯ 25:14-30). ಅವನು ಅದನ್ನು ಕಳೆಯಲಿಲ್ಲ, ಕದಿಯಲಿಲ್ಲ, ಬೆಳೆಸಲಿಲ್ಲ, ಅಷ್ಟೇ. ಅದೇ ಅವನ ತಪ್ಪು.

ಕ್ರಿಸ್ಮಸ್ಸಿಗೆ, ಶುಭ ಶುಕ್ರವಾರಕ್ಕೆ ನಮ್ಮ ಧರ್ಮಕೇಂದ್ರಗಳಲ್ಲಿ ನಾಟಕ ಆಡುತ್ತೇವೆ. ಒಳ್ಳೆಯ ಕಂಠ, ಅಭಿನಯವುಳ್ಳ ಮಕ್ಕಳು ಬೆಳಕಿಗೆ ಬರುತ್ತಾರೆ. ಪರದೆ ಬಿದ್ದ ಮೇಲೆ ಮುಂದಿನ ಹಬ್ಬದವರೆಗೆ ಅವರನ್ನು ಕೇಳುವವರಿಲ್ಲ. ದೇವರ ವರ ಇದೆ, ತರಬೇತಿ ಇಲ್ಲ.

ತರಬೇತಿಗೆ ಮಹಾನಗರವೇ ಬೇಕೆಂದಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡು ಒಂದು ಹಳ್ಳಿ. ಅಲ್ಲಿ 1949ರಲ್ಲಿ ಹವ್ಯಾಸಿ ನಾಟಕ ಸಂಘವಾಗಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಮುಂದಾಳ್ತನದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಅಲ್ಲಿ ಕಲಿಯುವವರಿಗೆ ನಟನೆಯೊಂದೇ ಅಲ್ಲ, ರಂಗಸಜ್ಜಿಕೆ, ಬೆಳಕು, ಪ್ರಸಾಧನವೂ ಪಾಠವೇ. ಕಲಿತವರಿಗೆ ಕೆಲಸವೂ ಬೇಕಲ್ಲವೇ? ಅದಕ್ಕೆಂದು 1985ರಲ್ಲಿ 'ತಿರುಗಾಟ' ತಂಡ ಹುಟ್ಟಿ, ನಾಡಿನ ಊರೂರಿಗೆ ನಾಟಕ ಒಯ್ದಿತು. ಕಲಿಸುವುದು, ಆಡಿಸುವುದು, ನೋಡುಗರನ್ನು ಬೆಳೆಸುವುದು: ಈ ಮೂರೂ ಒಟ್ಟಾದಾಗಲೇ ಕಲಾವಿದ ನಿಲ್ಲುತ್ತಾನೆ.

ಜಗದ್ಗುರು ಎರಡನೇ ಜಾನ್ ಪೌಲರೂ ರಂಗಭೂಮಿಯಿಂದ ಬಂದವರು. ನಾಜಿಗಳ ಆಳ್ವಿಕೆಯಲ್ಲಿ, 1941ರಲ್ಲಿ, ಪೋಲೆಂಡಿನ ಕ್ರಾಕೋವ್ ನಗರದ ಮನೆಗಳಲ್ಲಿ ಗುಟ್ಟಾಗಿ ನಾಟಕವಾಡುತ್ತಿದ್ದ ತಂಡದಲ್ಲಿ ಅವರೂ ನಟರಾಗಿದ್ದರು. 1999ರಲ್ಲಿ ಕಲಾವಿದರಿಗೆಂದೇ ಪತ್ರ ಬರೆದು, ಅವರ ಕರೆಯನ್ನು ಗೌರವಿಸಿದರು.

ನಮ್ಮಿಂದಾಗುವುದು ಚಿಕ್ಕದು: ತಿಂಗಳಿಗೊಂದು ದಿನದ ಅಭ್ಯಾಸ, ರಜೆಯಲ್ಲೊಂದು ಶಿಬಿರ, ಕಲಿಸಬಲ್ಲ ಹಿರಿಯರಿಗೊಂದು ಆಹ್ವಾನ, ಕಲಿಯಲು ಹೊರಟ ಬಡ ಮಗುವಿನ ಬಸ್ಸಿನ ಖರ್ಚು. ಒಡೆಯನು ಲೆಕ್ಕ ಕೇಳುವ ದಿನ, ನಮ್ಮ ಮಕ್ಕಳ ವರವನ್ನು ಹೂತಿಟ್ಟವರು ನಾವಾಗದಿರೋಣ.