ಬಾಣಂತಿಯ ಮನಸ್ಸು ಕೇಳೋಕೆ ಮಗಳು ಹೊರಟಿದ್ದಾಳೆ, ಬೇಡ ಅನ್ನಬೇಡಿ!

ಡಿಗ್ರಿ ಮುಗಿಸಿದ ಮಗಳು "ಅಮ್ಮಾ, ನಾನು ಇಂಟರ್ನ್‌ಶಿಪ್ ಮಾಡ್ತೀನಿ, ಬಸುರಿ-ಬಾಣಂತಿಯರ ಮಾನಸಿಕ ಆರೋಗ್ಯದ ಬಗ್ಗೆ" ಅಂದರೆ ನಿಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? "ಮದುವೆಯಾಗದ ಹುಡುಗಿಗೆ ಬಾಣಂತಿಯರ ಹತ್ತಿರ ಏನೇ ಕೆಲಸ?" ಅಂತ ತಾನೇ? ಎರಡನೇ ಮಾತು ಇನ್ನೂ ಮೆಲ್ಲಗೆ ಬರುತ್ತದೆ: "ಮಾನಸಿಕ ಆಸ್ಪತ್ರೆಗೆ ಹೋಗಿ ಬರ್ತಾಳೆ ಅಂತ ಗಂಡಿನ ಕಡೆಯವರ ಕಿವಿಗೆ ಬಿದ್ದರೆ?"

ಈ ಎರಡೂ ಪ್ರಶ್ನೆಗಳು ಸಹಜವೇ. ಆದರೆ ಇವುಗಳ ಜೊತೆ ಮೂರನೆಯದೊಂದನ್ನೂ ಕೇಳಿಕೊಳ್ಳಬೇಕು. ನಾಳೆ ನಿಮ್ಮದೇ ಮನೆಯಲ್ಲಿ ಮಗಳೋ ಸೊಸೆಯೋ ಬಾಣಂತನದಲ್ಲಿ ಮಂಕಾಗಿ ಕೂತರೆ, ಅವಳ ಮಾತು ಕೇಳಿಸಿಕೊಳ್ಳಲು ಕಲಿತವರು ಶಿವಮೊಗ್ಗದಲ್ಲಿ, ಭದ್ರಾವತಿಯಲ್ಲಿ ಎಷ್ಟು ಮಂದಿ ಇರಬೇಕು?

ಮೈಗೆ ಎಣ್ಣೆ, ಮನಸ್ಸಿಗೆ ಏನು?

ಬಾಣಂತನದ ವಿಷಯದಲ್ಲಿ ನಮ್ಮ ಕಡೆಯ ಹೆಂಗಸರಿಗೆ ಹೇಳಿಕೊಡಬೇಕಾದ್ದೇನಿಲ್ಲ. ಎಣ್ಣೆ-ನೀರು, ಸಾಂಬ್ರಾಣಿ ಹೊಗೆ, ಬಾಣಂತಿ ಖಾರ, ಕಿವಿಗೆ ಹತ್ತಿ, ತಲೆಗೆ ಬಟ್ಟೆ... ಒಂದೂ ತಪ್ಪುವುದಿಲ್ಲ. ಮಗು ಎಷ್ಟು ತೂಕ ಇದೆ, ಯಾರ ಹಾಗಿದೆ, ಹಾಲು ಸಾಲುತ್ತಾ ಅಂತೆಲ್ಲ ಬಂದವರು ಕೇಳುತ್ತಾರೆ. "ನಿನಗೆ ಹೇಗಿದೆ ಮನಸ್ಸಿಗೆ?" ಅಂತ ಕೇಳುವವರು ಮಾತ್ರ ಅಪರೂಪ.

ಹೆರಿಗೆಯಾದ ಮೂರು-ನಾಲ್ಕನೇ ದಿನ ಸುಮ್ಮಸುಮ್ಮನೆ ಅಳು ಬರುವುದು, ಸಿಡುಕುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಕಾಣುವಂಥದ್ದು. ಮೈಯೊಳಗಿನ ಹಾರ್ಮೋನ್‌ಗಳು ಒಮ್ಮೆಲೇ ಇಳಿಯುತ್ತವೆ, ನಿದ್ದೆ ಕೆಡುತ್ತದೆ. ಹತ್ತು ಹದಿನೈದು ದಿನದಲ್ಲಿ ತಾನಾಗಿ ಸರಿಹೋಗುತ್ತದೆ. ಇದು ಕಾಯಿಲೆಯಲ್ಲ.

ಎರಡು ವಾರ ಕಳೆದರೂ ಬೇಸರ ಬಿಡಲಿಲ್ಲ, ಮಗು ಮಲಗಿದ್ದರೂ ತನಗೆ ನಿದ್ದೆ ಬರಲ್ಲ, ಊಟ ಸೇರಲ್ಲ, "ನಾನು ಒಳ್ಳೇ ತಾಯಿಯಲ್ಲ" ಅನ್ನೋ ಕೊರಗು... ಹೀಗಾದರೆ ಅದು ಹೆರಿಗೆ ನಂತರದ ಖಿನ್ನತೆ ಇರಬಹುದು. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಅಂದರೆ ಸುಮಾರು 20 ಸಾವಿರ ತಾಯಂದಿರ ವಿವರವನ್ನು ಒಟ್ಟು ಮಾಡಿ ನೋಡಿದ ಲೇಖನವೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ಇದು ಶೇ 22ರಷ್ಟು ತಾಯಂದಿರನ್ನು ಕಾಡುತ್ತದೆ. ಐವರಲ್ಲಿ ಒಬ್ಬಳು! ನಿಮ್ಮ ಬೀದಿಯಲ್ಲಿ ಈ ವರ್ಷ ಐದು ನಾಮಕರಣ ನಡೆದಿದ್ದರೆ ಲೆಕ್ಕ ಹಾಕಿ.

ಇನ್ನೊಂದಿದೆ, ನಮ್ಮ ಅಜ್ಜಿಯರು 'ಬಾಣಂತಿ ಸನ್ನಿ' ಅನ್ನುತ್ತಿದ್ದದ್ದು. ಹೆರಿಗೆಯಾದ ಮೊದಲ ಎರಡು ವಾರದಲ್ಲೇ ನಿದ್ದೆ ಪೂರ್ತಿ ಬಿಟ್ಟು, ಇಲ್ಲದ್ದನ್ನು ಕಂಡು, ಅಸಂಬದ್ಧ ಮಾತಾಡುವುದು. ಸಾವಿರ ಹೆರಿಗೆಗೆ ಒಂದೆರಡು ಮಾತ್ರ. ಆದರೆ ಇದು ತುರ್ತು ಸ್ಥಿತಿ. ಗಾಳಿ ಸೋಕಿದೆ, ದೃಷ್ಟಿಯಾಗಿದೆ ಅಂತ ತಾಯಿತ ಕಟ್ಟಿಸುತ್ತಾ ದಿನ ಕಳೆಯುವಂತಿಲ್ಲ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಚಿಕಿತ್ಸೆ ಕೊಟ್ಟರೆ ಗುಣವಾಗುತ್ತದೆ.

ಭದ್ರಾವತಿಯ ಒಂದು ಮನೆ ಊಹಿಸಿಕೊಳ್ಳಿ. ಎಂಪಿಎಂ ಕಾಗದದ ಕಾರ್ಖಾನೆ ನಿಂತ ಮೇಲೆ ಅಪ್ಪನ ಸಂಬಳ ನಿಂತಿದೆ. ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಗಂಡ ಬೆಂಗಳೂರಿನಲ್ಲಿ, ಭಾನುವಾರ ಬಂದು ಹೋಗುತ್ತಾನೆ. ಖರ್ಚು ಮಾಡಿಸುತ್ತಿದ್ದೇನೆ ಅನ್ನೋ ಸಂಕೋಚಕ್ಕೆ ಅವಳು ಬಾಯಿ ಬಿಡಲ್ಲ. ಅಮ್ಮನಿಗೆ ಗೊತ್ತಾಗುತ್ತದೆ, ಆದರೆ ಏನು ಮಾಡಬೇಕೋ ತಿಳಿಯಲ್ಲ. ಇಂಥ ಕಡೆ ಬೇಕಿರುವುದು ಕಿವಿಗೊಡಲು ತರಬೇತಿ ಪಡೆದ ಒಬ್ಬಳು.

ಇಂಟರ್ನ್‌ಶಿಪ್‌ನಲ್ಲಿ ಮಾಡೋದೇನು?

ಗರ್ಭಿಣಿಯಾದಾಗಿನಿಂದ ಹೆರಿಗೆಯಾಗಿ ಒಂದು ವರ್ಷದವರೆಗಿನ ಅವಧಿಯ ಮಾನಸಿಕ ಆರೈಕೆಗೆ 'ಪೆರಿನೇಟಲ್ ಮೆಂಟಲ್ ಹೆಲ್ತ್' ಅನ್ನುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲೇ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ಶುರುವಾಯಿತು. ನಮ್ಮ ದೇಶದಲ್ಲಿ ಈ ಬಗೆಯ ಘಟಕಕ್ಕೆ ದಾರಿ ತೋರಿಸಿದ್ದು ಅದೇ. ಮನೋವೈದ್ಯೆ ಡಾ. ಪ್ರಭಾ ಚಂದ್ರ ಅವರ ಹೆಸರು ಈ ಕೆಲಸದ ಜೊತೆ ಸೇರಿಕೊಂಡಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೂಡ ಇದನ್ನೇ ಹೇಳುತ್ತದೆ: ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು.

ಇಂಥ ಕಡೆ ಮನಃಶಾಸ್ತ್ರ, ಸಮಾಜಕಾರ್ಯ ಅಥವಾ ನರ್ಸಿಂಗ್ ಓದಿದ ಹುಡುಗಿ ಏನು ಕಲಿಯುತ್ತಾಳೆ?

* ತಾಯಿಯ ಜೊತೆ ಕೂತು ಅವಳ ಕಥೆಯನ್ನು ಆತುರವಿಲ್ಲದೆ ಕೇಳಿ, ಕ್ರಮವಾಗಿ ಬರೆದುಕೊಳ್ಳುವುದು.

* 'ಎಡಿನ್‌ಬರೋ' ಪ್ರಶ್ನಾವಳಿ ಬಳಸುವುದು. 1987ರಲ್ಲಿ ಬಂದ ಈ ಪಟ್ಟಿಯಲ್ಲಿರುವುದು ಹತ್ತೇ ಪ್ರಶ್ನೆ, ಕಳೆದ ಏಳು ದಿನ ಹೇಗಿದ್ದಿರಿ ಅನ್ನುವುದರ ಬಗ್ಗೆ. ಕನ್ನಡದಲ್ಲೂ ಇದೆ. ಇದರಿಂದ ಕಾಯಿಲೆ ನಿರ್ಧಾರವಾಗುವುದಿಲ್ಲ, ಯಾರನ್ನು ವೈದ್ಯರ ಹತ್ತಿರ ಕಳಿಸಬೇಕು ಅನ್ನುವುದು ತಿಳಿಯುತ್ತದೆ.

* ತಾಯಿ ಮಗುವನ್ನು ಎತ್ತಿಕೊಳ್ಳುವ, ಮಾತಾಡಿಸುವ ರೀತಿ ಗಮನಿಸುವುದು.

* ಅತ್ತೆಗೆ, ಗಂಡನಿಗೆ "ಇದು ಸೋಮಾರಿತನ ಅಲ್ಲ, ಕಾಯಿಲೆ" ಅಂತ ನೋವಾಗದ ಹಾಗೆ ತಿಳಿಸಿ ಹೇಳುವುದು.

* ಕೇಳಿದ್ದನ್ನು ಹೊರಗೆ ಆಡದಿರುವುದು. ಮನೆಯಲ್ಲಿ ಅಮ್ಮನ ಹತ್ತಿರವೂ!

ಗಮನಿಸಿ: ಇಂಟರ್ನ್ ಔಷಧಿ ಬರೆಯುವಂತಿಲ್ಲ, ಕಾಯಿಲೆ ಹೆಸರಿಸುವಂತಿಲ್ಲ, ಹಿರಿಯರಿಲ್ಲದೆ ಒಬ್ಬಳೇ ಚಿಕಿತ್ಸೆ ಕೊಡುವಂತಿಲ್ಲ.

ವೈದ್ಯರಲ್ಲದವರು ಇಂಥ ಕೆಲಸ ಮಾಡೋಕಾಗುತ್ತಾ ಅನ್ನುವ ಅನುಮಾನ ಬೇಡ. ಪಾಕಿಸ್ತಾನದ ಹಳ್ಳಿಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಖಿನ್ನತೆಯ ತಾಯಂದಿರ ಮನೆಗೆ ಕಳಿಸಿದರು. ತಾಯಂದಿರು ಚೇತರಿಸಿಕೊಂಡರು. 2008ರಲ್ಲಿ ಪ್ರಕಟವಾದ ಆ ಫಲಿತಾಂಶ ನೋಡಿ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅದನ್ನೇ ಕೈಪಿಡಿಯಾಗಿ ತಂದಿತು.

ನಮ್ಮೂರಲ್ಲಿ ಎಲ್ಲಿ ಕೇಳಬೇಕು?

ಶಿವಮೊಗ್ಗಕ್ಕೆ ಮಾನಸಿಕ ಆರೋಗ್ಯದ ಮಾತು ಹೊಸದಲ್ಲ. 2016ರಲ್ಲಿ ತೀರಿಕೊಂಡ ಡಾ. ಅಶೋಕ್ ಪೈ ಇಲ್ಲಿ 'ಮಾನಸ' ಸಂಸ್ಥೆ ಕಟ್ಟಿ, ಮನಸ್ಸಿನ ಕಾಯಿಲೆ ಬಗ್ಗೆ ಕನ್ನಡದಲ್ಲೇ ಬರೆದು ಮನೆಮನೆಗೆ ಮುಟ್ಟಿಸಿದವರು. ಅವರ ಹೆಸರಿನ ಕಟೀಲ್ ಅಶೋಕ್ ಪೈ ಸ್ಮಾರಕ ಕಾಲೇಜಿನಲ್ಲಿ ಮನಃಶಾಸ್ತ್ರ ಓದಬಹುದು. ಮೆಗ್ಗಾನ್ ಆಸ್ಪತ್ರೆ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ್ದು. ಹೆರಿಗೆ ವಿಭಾಗವೂ ಇದೆ, ಮನೋವೈದ್ಯ ವಿಭಾಗವೂ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ. ಭದ್ರಾವತಿಯಲ್ಲಿ ತಾಲ್ಲೂಕು ಆಸ್ಪತ್ರೆ. ಅದೇ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯ.

'ಪೆರಿನೇಟಲ್' ಅಂತ ಬೋರ್ಡ್ ಹಾಕಿದ ಇಂಟರ್ನ್‌ಶಿಪ್ ಹುಡುಕುತ್ತಾ ಕೂರಬೇಕಿಲ್ಲ. ಮಗಳು ಕಾಲೇಜಿನ ವಿಭಾಗ ಮುಖ್ಯಸ್ಥರಿಂದ ಒಂದು ಪತ್ರ ಪಡೆದು, ಮನೋವೈದ್ಯ ವಿಭಾಗದಲ್ಲಿ "ಬಸುರಿ-ಬಾಣಂತಿಯರ ಕೇಸ್ ಬಂದಾಗ ಜೊತೆಗೆ ಕೂರಲು ಅವಕಾಶ ಕೊಡಿ" ಅಂತ ಕೇಳಲಿ. ನಿಮ್ಹಾನ್ಸ್‌ಗೂ ಅರ್ಜಿ ಹಾಕಲಿ. ಆದರೆ ಅಲ್ಲಿ ಪೈಪೋಟಿ ಜಾಸ್ತಿ, ಬೆಂಗಳೂರಿನ ಪಿ.ಜಿ. ಖರ್ಚು ಬೇರೆ. ಮೊದಲು ಊರಲ್ಲೇ ಕಲಿತು ಹೋದರೆ ನಷ್ಟವಿಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿಯರು ಎಷ್ಟಿಲ್ಲ?

ಸೇರಿಸುವ ಮೊದಲು ಇಷ್ಟು ವಿಚಾರಿಸಿ

1. ಮೇಲ್ವಿಚಾರಣೆ ಯಾರದು? ಮನೋವೈದ್ಯರು ಅಥವಾ ಆರ್‌ಸಿಐ ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಇರಬೇಕು. ವಾರಕ್ಕೊಮ್ಮೆಯಾದರೂ ಮಗಳ ಜೊತೆ ಕೂತು ಕೇಸ್ ಚರ್ಚಿಸುತ್ತಾರಾ?

2. ನಿಜವಾಗಿ ರೋಗಿಗಳನ್ನು ನೋಡಲು ಸಿಗುತ್ತಾ? ಮನೆಯಲ್ಲೇ ಕೂತು ಏಳು ದಿನ ವಿಡಿಯೋ ನೋಡಿ, ದುಡ್ಡು ಕಟ್ಟಿ ಸರ್ಟಿಫಿಕೇಟ್ ಪಡೆಯುವ 'ಇಂಟರ್ನ್‌ಶಿಪ್'ನಿಂದ ಫೈಲ್ ದಪ್ಪವಾಗುತ್ತದೆ ಅಷ್ಟೇ.

3. ಫೀಸು ಎಷ್ಟು, ಯಾವುದಕ್ಕೆ? ರಸೀದಿ ಕೊಡುತ್ತಾರಾ? ಎಷ್ಟು ಗಂಟೆ ಕೆಲಸ ಅಂತ ಬರೆದು ಕೊಡುತ್ತಾರಾ?

4. ಸಂಜೆ ಎಷ್ಟು ಹೊತ್ತಿಗೆ ಬಿಡುತ್ತಾರೆ? ವಾರ್ಡ್‌ನಲ್ಲಿ ತೊಂದರೆಯಾದರೆ ಯಾರಿಗೆ ಹೇಳಬೇಕು?

5. ಮುಂದಿನ ದಾರಿ ಏನು? ಇದು ಮುಖ್ಯ. ಬಿ.ಎ., ಬಿ.ಎಸ್ಸಿ. ಸೈಕಾಲಜಿ ಮುಗಿಸಿ ಇಂಟರ್ನ್‌ಶಿಪ್ ಮಾಡಿದ ಮಾತ್ರಕ್ಕೆ 'ಕ್ಲಿನಿಕಲ್ ಸೈಕಾಲಜಿಸ್ಟ್' ಅನ್ನಿಸಿಕೊಳ್ಳುವಂತಿಲ್ಲ. ಅದಕ್ಕೆ ಮಾನ್ಯತೆ ಪಡೆದ ಕೋರ್ಸ್, ನೋಂದಣಿ ಬೇಕು. ಹಾಗೆಯೇ ದೂರಶಿಕ್ಷಣದಲ್ಲಿ, ಆನ್‌ಲೈನ್‌ನಲ್ಲಿ ಸೈಕಾಲಜಿ ಪದವಿಗೆ ಹೊಸದಾಗಿ ಸೇರಿಸಿಕೊಳ್ಳಬಾರದು ಅಂತ ಯುಜಿಸಿ 2025ರಲ್ಲಿ ಸೂಚಿಸಿದೆ. ಯಾರಾದರೂ ಸೀಟು ಕೊಡುತ್ತೇವೆ ಅಂದರೆ ದುಡ್ಡು ಕಟ್ಟುವ ಮೊದಲು ಹತ್ತು ಸಲ ಯೋಚಿಸಿ.

ಮಗಳು ಸಂಜೆ ಮೌನವಾಗಿ ಬಂದರೆ...

ಇನ್ನೊಬ್ಬರ ದುಃಖ ಕೇಳುವುದು ಹಗುರದ ಕೆಲಸವಲ್ಲ. ಮಗು ಕಳೆದುಕೊಂಡ ತಾಯಿ, ಹೆಣ್ಣು ಹುಟ್ಟಿತು ಅಂತ ಗಂಡ ನೋಡಲೂ ಬಾರದ ಬಾಣಂತಿ... ಇವರ ಜೊತೆ ಇಡೀ ದಿನ ಕಳೆದು ಬಂದ ಮಗಳು ಒಂದೊಂದು ಸಂಜೆ ಊಟ ಬೇಡ ಅನ್ನಬಹುದು. ಆಗ "ನಾನು ಮೊದಲೇ ಹೇಳಿದ್ದೆ" ಅನ್ನಬೇಡಿ. "ಏನಾಯ್ತು, ಯಾರು, ಯಾವ ಊರು" ಅಂತ ಕೆದಕಲೂ ಬೇಡಿ. ಅವಳು ಹೇಳುವಂತಿಲ್ಲ. ಒಂದು ಲೋಟ ಕಾಫಿ ಕೊಟ್ಟು ಪಕ್ಕದಲ್ಲಿ ಕೂತರೆ ಸಾಕು. ಬೇಸರ ವಾರಗಟ್ಟಲೆ ಉಳಿದರೆ ಅದನ್ನು ಮೇಲ್ವಿಚಾರಕರ ಹತ್ತಿರ ಹೇಳಿಕೊಳ್ಳಲು ಧೈರ್ಯ ಕೊಡಿ.

ಇನ್ನು ಮದುವೆಯ ಮಾತು. ಬಾಣಂತಿಯ ಮನಸ್ಸು ಅರ್ಥ ಮಾಡಿಕೊಳ್ಳುವ ಹುಡುಗಿಯನ್ನು ಸೊಸೆಯಾಗಿ ತರಲು ಹಿಂಜರಿಯುವ ಮನೆ ಸಿಕ್ಕಿದರೆ, ಆ ಮನೆಗೆ ಮಗಳನ್ನು ಕೊಡಬೇಕೋ ಬೇಡವೋ ಅಂತ ಯೋಚಿಸಬೇಕಾದವರು ನೀವು!

ಮನೆಯಲ್ಲೇ ಬಾಣಂತಿ ಇದ್ದರೆ

* ರಾತ್ರಿ ಒಂದೇ ಸಮನೆ ನಾಲ್ಕೈದು ಗಂಟೆ ನಿದ್ದೆ ಸಿಗುವ ಹಾಗೆ ಮಗುವನ್ನು ಬೇರೆಯವರು ನೋಡಿಕೊಳ್ಳಿ. ಗಂಡನೂ ಎದ್ದು ಬಟ್ಟೆ ಬದಲಾಯಿಸಲಿ.

* ಕೋಣೆಗೆ ಬೆಳಕು ಬರಲಿ. ಶೀತವಾಗದಂತೆ ನೋಡಿಕೊಳ್ಳಲು ಕತ್ತಲೆಯೇ ಬೇಕೆಂದಿಲ್ಲ.

* ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಸುಸ್ತು, ಮಂಕು ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿ.

* ಎದೆಹಾಲು ಕೊಡುವವರೂ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ವೈದ್ಯರನ್ನು ಕೇಳಿ. ಮೊದಲಿನಿಂದ ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ ಬಸಿರು ನಿಂತಿತು ಅಂತ ತಾವಾಗಿ ನಿಲ್ಲಿಸಬಾರದು.

* ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 42 ದಿನದೊಳಗೆ 6 ಸಲ ಬರುವ ವ್ಯವಸ್ಥೆಯಿದೆ. ಮಗುವಿನ ತೂಕದ ಜೊತೆ ತಾಯಿಯ ನಿದ್ದೆ, ಅಳು ಬಗ್ಗೆಯೂ ಅವರಿಗೆ ಹೇಳಿ.

* "ನಾನಿರಬಾರದು", "ಮಗುಗೆ ಏನಾದ್ರೂ ಮಾಡಿಬಿಡ್ತೀನೇನೋ" ಅನ್ನುವ ಮಾತನ್ನು ಬೈದು ಬಾಯಿ ಮುಚ್ಚಿಸಬೇಡಿ. ಒಬ್ಬಳನ್ನೇ ಬಿಡಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಈ ಸರ್ಕಾರಿ ಸೇವೆ ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತುರ್ತಾದರೆ 108.

ಕೊನೆಗೊಂದು ಮಾತು ನಿಮಗೇ. ಮದುವೆಗೆ ಮೊದಲು ಸೈಕಾಲಜಿ, ಎಂಎಸ್‌ಡಬ್ಲ್ಯೂ, ನರ್ಸಿಂಗ್ ಓದಿ ಸರ್ಟಿಫಿಕೇಟನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟವರು ನಿಮ್ಮಲ್ಲೂ ಇದ್ದೀರಿ. ಮಕ್ಕಳು ದೊಡ್ಡವರಾಗಿದ್ದರೆ ಅದನ್ನು ಹೊರಗೆ ತೆಗೆಯಿರಿ, ಇಂಟರ್ನ್ ಆಗಿ ಸೇರಬಹುದಾ ಅಂತ ಆಸ್ಪತ್ರೆಯಲ್ಲಿ ಕೇಳಿ ನೋಡಿ. ಹೆತ್ತು, ಬಾಣಂತನ ಮಾಡಿಸಿಕೊಂಡು, ಮಾಡಿಸಿಯೂ ಗೊತ್ತಿರುವವರ ಅನುಭವಕ್ಕೆ ತರಬೇತಿ ಸೇರಿದರೆ ಅದು ದೊಡ್ಡ ಬಲ. ಅದು ಆಗದಿದ್ದರೂ ಚಿಂತೆಯಿಲ್ಲ. ಈ ವಾರ ಯಾರದಾದರೂ ಮನೆಗೆ ಮಗು ನೋಡಲು ಹೋದಾಗ, ಟೊಪ್ಪಿಗೆ-ಸಾಕ್ಸ್ ಕೊಟ್ಟ ಮೇಲೆ ಐದು ನಿಮಿಷ ಬಾಣಂತಿಯ ಮಂಚದ ಹತ್ತಿರ ಕೂತು, "ನಿನಗೆ ನಿದ್ದೆ ಬರುತ್ತೇನಮ್ಮಾ?" ಅಂತ ಕೇಳಿ. ಆಮೇಲೆ ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.