ಕಾರಿನ ಕೀ ಇತ್ತ ಕೊಡಿ ಎನ್ನಲು ಸಂಕೋಚವೇಕೆ?

ಡಯಾನಾ ಹೆಸರನ್ನು ಕೇಳದ ಗೃಹಿಣಿ ನಮ್ಮಲ್ಲಿ ಯಾರಿದ್ದಾರೆ ಹೇಳಿ? 1981ರಲ್ಲಿ ಆಕೆ ಇಂಗ್ಲೆಂಡಿನ ಯುವರಾಜ ಚಾರ್ಲ್ಸ್‌ನ ಕೈ ಹಿಡಿದಾಗ, ಮದುವೆ ಉಡುಪಿನ 25 ಅಡಿ ಉದ್ದದ ಸೆರಗನ್ನು ಕಂಡು ಜಗತ್ತೇ ಬೆರಗಾಗಿತ್ತು. ಆ ಸಂಸಾರ ಮುರಿದುಬಿದ್ದದ್ದೂ, ಆಕೆ ಪ್ಯಾರಿಸ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡದ್ದೂ ಎಲ್ಲರಿಗೂ ಗೊತ್ತು. ಆದರೆ ಆ ಕಾರನ್ನು ಓಡಿಸುತ್ತಿದ್ದವನು ಕುಡಿದಿದ್ದ ಎಂಬುದು ಎಷ್ಟು ಜನರಿಗೆ ನೆನಪಿದೆ? “ಫೋಟೋದವರು ಅಟ್ಟಿಸಿಕೊಂಡು ಬಂದರಂತೆ”, “ಏನೋ ಸಂಚು ಇತ್ತಂತೆ” ಎಂದೇ ಇಂದಿಗೂ ಮಾತಾಡಿಕೊಳ್ಳುತ್ತೇವೆ.

ನಡೆದದ್ದೇನು ನೋಡಿ. 1997ರ ಆಗಸ್ಟ್ 31, ನಡುರಾತ್ರಿ ಕಳೆದು ಸುಮಾರು ಇಪ್ಪತ್ತು ನಿಮಿಷ. ಡಯಾನಾ ಮತ್ತು ಆಕೆಯ ಸ್ನೇಹಿತ ಡೋಡಿ ಫಯದ್, ರಿಟ್ಜ್ ಹೋಟೆಲಿನ ಹಿಂಬಾಗಿಲಿನಿಂದ ಮರ್ಸಿಡಿಸ್ ಕಾರಿನಲ್ಲಿ ಹೊರಟರು. ಮುಂದಿನ ಸೀಟಿನಲ್ಲಿ ಅಂಗರಕ್ಷಕ. ಸ್ಟಿಯರಿಂಗ್ ಹಿಡಿದವನು ಹೆನ್ರಿ ಪಾಲ್. ಅವನ ಕೆಲಸ ಡ್ರೈವರ್ ಕೆಲಸವೇ ಅಲ್ಲ; ಹೋಟೆಲಿನ ಭದ್ರತಾ ವಿಭಾಗದ ಎರಡನೇ ಅಧಿಕಾರಿ. ಸಂಜೆ ಕೆಲಸ ಮುಗಿಸಿ ಹೋಗಿದ್ದವನನ್ನು ರಾತ್ರಿ ಮತ್ತೆ ಕರೆಸಿದ್ದರು. ಬಂದವನು ಹೋಟೆಲಿನ ಬಾರಿನಲ್ಲೇ ಕೂತು ಮತ್ತೆರಡು ಗ್ಲಾಸು ಕುಡಿದಿದ್ದ.

ಫೋಟೋದವರು ಮೋಟಾರ್ ಸೈಕಲ್ ಹತ್ತಿ ಬೆನ್ನಟ್ಟಿದ್ದು ನಿಜ. ಆಲ್ಮಾ ಸೇತುವೆಯ ಬಳಿಯ ಸುರಂಗ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ಮೀರಬಾರದೆಂಬ ನಿಯಮ. ಈ ಕಾರು 100 ಕಿ.ಮೀ. ಆಸುಪಾಸಿನ ವೇಗದಲ್ಲಿ ಒಳನುಗ್ಗಿ, ಹದಿಮೂರನೇ ಕಂಬಕ್ಕೆ ಅಪ್ಪಳಿಸಿತು. ಹೆನ್ರಿ ಪಾಲ್ ಮತ್ತು ಡೋಡಿ ಸ್ಥಳದಲ್ಲೇ ಹೋದರು. ಡಯಾನಾ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಳು. ವಯಸ್ಸು ಬರೀ 36. ಉಳಿದುಕೊಂಡವನು ಅಂಗರಕ್ಷಕ ಒಬ್ಬನೇ, ಅದೂ ಮುಖವೆಲ್ಲ ನುಜ್ಜುಗುಜ್ಜಾಗಿ.

ಡಯಾನಾಗೆ ಇಬ್ಬರು ಗಂಡುಮಕ್ಕಳು, ಒಬ್ಬನಿಗೆ 15, ಇನ್ನೊಬ್ಬನಿಗೆ 12. ಸ್ಕಾಟ್ಲೆಂಡಿನಲ್ಲಿ ಅಜ್ಜಿಯ ಜೊತೆ ರಜೆ ಕಳೆಯುತ್ತಿದ್ದರು. ತಾಯಿ ಫೋನ್ ಮಾಡಿದಾಗ ಆಟದ ಅವಸರದಲ್ಲಿ ಬೇಗ ಬೇಗ ಮಾತು ಮುಗಿಸಿದೆವೆಂದು ಆ ಮಕ್ಕಳೇ ದೊಡ್ಡವರಾದ ಮೇಲೆ, 2017ರಲ್ಲಿ, ನೊಂದುಕೊಂಡು ಹೇಳಿದರು. ಓದಿದ ಯಾವ ತಾಯಿಯ ಕರುಳು ತಾನೇ ಚುರುಕ್ ಎನ್ನದು?

ನೆಟ್ಟಗೆ ನಡೆಯುತ್ತಿದ್ದನಲ್ಲ!

ಹೆನ್ರಿ ಪಾಲ್‌ನ ರಕ್ತದಲ್ಲಿದ್ದ ಮದ್ಯ, ಫ್ರಾನ್ಸಿನ ಕಾನೂನು ಒಪ್ಪುವ ಮಿತಿಯ ಸುಮಾರು ಮೂರು ಪಟ್ಟು. ಆದರೂ ಹೋಟೆಲಿನ ಕ್ಯಾಮೆರಾದಲ್ಲಿ ಅವನು ಓಲಾಡಿದ್ದು ಕಾಣುವುದಿಲ್ಲ! ನೆಟ್ಟಗೆ ನಡೆದಿದ್ದಾನೆ, ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡಿದ್ದಾನೆ. ಜೊತೆಯಲ್ಲಿದ್ದವರು ಅನುಮಾನಪಡದೆ ಕಾರು ಹತ್ತಿದರು.

ಸೋದರಿಯರೇ, ನಾವು ಗಮನಿಸಬೇಕಾದ್ದು ಇದನ್ನೇ. “ನಮ್ಮವರು ಎಷ್ಟು ಕುಡಿದರೂ ಸ್ಟೆಡಿಯಾಗಿರ್ತಾರೆ” ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರನ್ನು ನೀವೂ ಕೇಳಿರುತ್ತೀರಿ. ಕುಡಿದು ರೂಢಿಯಾದವನ ಕಾಲು ತಡವರಿಸದೆ ಇರಬಹುದು. ಆದರೆ ಮದ್ಯ ಮೊದಲು ಹಿಡಿಯುವುದು ಕಾಲನ್ನಲ್ಲ, ಬುದ್ಧಿಯನ್ನು. ವೇಗ ಹೆಚ್ಚಾಯಿತೆಂಬ ಭಯವೇ ಹೋಗಿಬಿಡುತ್ತದೆ. ಎದುರಿಗೆ ದನವೋ ಲಾರಿಯೋ ಬಂದರೆ ಕಣ್ಣು ಕಂಡದ್ದು ಕಾಲಿಗೆ ತಿಳಿಯುವುದು ತಡವಾಗುತ್ತದೆ. 100 ಕಿ.ಮೀ. ವೇಗದ ಕಾರು ಒಂದೇ ಸೆಕೆಂಡಿನಲ್ಲಿ 28 ಮೀಟರು, ಅಂದರೆ 90 ಅಡಿ ಓಡಿರುತ್ತದೆ! ವೇಗ ಎರಡರಷ್ಟಾದರೆ ಗುದ್ದಿನ ಹೊಡೆತ ನಾಲ್ಕರಷ್ಟು.

“ಸ್ಟ್ರಾಂಗ್ ಕಾಫಿ ಕೊಟ್ಟರೆ ಇಳಿಯತ್ತೆ”, “ಹುಳಿ ಮಜ್ಜಿಗೆ ಕುಡಿಸಿ”, “ನಿಂಬೆಹಣ್ಣು ಹಿಂಡಿ” ಎನ್ನುವುದುಂಟು. ಇವು ಯಾವುವೂ ರಕ್ತದಲ್ಲಿ ಸೇರಿದ ಮದ್ಯವನ್ನು ಬೇಗ ಇಳಿಸಲಾರವು. ಕಾಫಿ ನಿದ್ದೆಯನ್ನಷ್ಟೇ ದೂರ ಮಾಡೀತು. ಮದ್ಯವನ್ನು ಕರಗಿಸುವ ಕೆಲಸ ಯಕೃತ್ತಿನದು, ಅದಕ್ಕೆ ಅವಸರ ಗೊತ್ತಿಲ್ಲ. 30 ಮಿಲಿಲೀಟರಿನ ಒಂದು ಸಣ್ಣ ಪೆಗ್ ಕರಗಲು ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುತ್ತದೆ.

ಸಂಚಲ್ಲ, ಸೀಸೆ

ಬ್ರಿಟಿಷ್ ಪೊಲೀಸರು ವರ್ಷಗಟ್ಟಲೆ ತನಿಖೆ ಮಾಡಿ 2006ರಲ್ಲಿ ವರದಿ ಕೊಟ್ಟರು: ಸಂಚಿಗೆ ಪುರಾವೆ ಇಲ್ಲ. 2008ರ ಏಪ್ರಿಲ್‌ನಲ್ಲಿ ಲಂಡನ್ನಿನ ಜ್ಯೂರಿ, ಹೆನ್ರಿ ಪಾಲ್‌ನ ಮತ್ತು ಬೆನ್ನಟ್ಟಿದ ವಾಹನಗಳವರ ಅತಿ ಅಜಾಗರೂಕ ಚಾಲನೆಯೇ ಸಾವಿಗೆ ಕಾರಣ ಎಂದಿತು. ಕುಡಿತದಿಂದ ಅವನ ವಿವೇಚನೆ ಕೆಟ್ಟಿತ್ತು ಎಂದೂ, ಡಯಾನಾ ಸೀಟ್ ಬೆಲ್ಟ್ ಹಾಕದಿದ್ದುದು ಸಾವಿಗೆ ದಾರಿಯಾಯಿತೆಂದೂ ಸೇರಿಸಿತು. ಅಪಘಾತದ ಹೊತ್ತಿನಲ್ಲಿ ಕಾರಿನ ನಾಲ್ವರಲ್ಲಿ ಯಾರೊಬ್ಬರೂ ಬೆಲ್ಟ್ ಹಾಕಿರಲಿಲ್ಲ. ಐಶ್ವರ್ಯವಿತ್ತು, ಅಂಗರಕ್ಷಕನಿದ್ದ; “ನೀನು ಕುಡಿದಿದ್ದೀಯ, ಓಡಿಸಬೇಡ” ಎನ್ನುವ ಒಬ್ಬರು ಮಾತ್ರ ಇರಲಿಲ್ಲ.

ನಮ್ಮ ಮನೆಗಳಲ್ಲಿ ಆ ಒಬ್ಬರು ನಾವೇ ಏಕಾಗಬಾರದು? ಮದುವೆ, ನಾಮಕರಣ, ಗೃಹಪ್ರವೇಶ ಎಂದು ಹೋಗುತ್ತೇವೆ. ರಾತ್ರಿ ಹೊರಡುವಾಗ ಗಂಡಸರ ಬಾಯಿ ವಾಸನೆ ಮೊದಲು ಗೊತ್ತಾಗುವುದೇ ನಮಗೆ. “ನಾಲ್ಕು ಜನರೆದುರು ಹೇಗೆ ಹೇಳೋದು? ಮರ್ಯಾದೆ ಪ್ರಶ್ನೆ” ಎಂದು ಮಗುವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಹಿಂದೆ ಕೂರುತ್ತೇವೆ. ಮರ್ಯಾದೆಗಿಂತ ಮಾಂಗಲ್ಯ ದೊಡ್ಡದಲ್ಲವೇ?

ಕೆಲವು ಉಪಾಯಗಳನ್ನು ಮಾಡಿ ನೋಡಿ:

● ವಾಪಸು ಬರುವಾಗ ಯಾರು ಓಡಿಸುವುದೆಂದು ಮನೆಯಲ್ಲೇ ಮಾತಾಡಿಕೊಳ್ಳಿ. ಹೋಗಿ ಇಳಿದ ಕೂಡಲೇ ಕೀ ಈಸಿಕೊಂಡು ನಿಮ್ಮ ಬ್ಯಾಗಿಗೆ ಹಾಕಿಕೊಳ್ಳಿ.

● ಕುಡಿದವರನ್ನು ಎಲ್ಲರೆದುರು ಹಂಗಿಸಬೇಡಿ, ಹಟ ಹೆಚ್ಚಾಗುತ್ತದೆ. ಅವರು ಮಾತು ಕೇಳುವ ಭಾವನವರನ್ನೋ ದೊಡ್ಡಪ್ಪನವರನ್ನೋ ಕರೆದು ಹೇಳಿಸಿ.

● ಕೈ ಎತ್ತುವ ಸ್ವಭಾವದವರಾದರೆ ಕೀಗಾಗಿ ಗುದ್ದಾಡಬೇಡಿ. ನೀವೂ ಮಕ್ಕಳೂ ಮಾತ್ರ ಖಂಡಿತ ಹತ್ತಬೇಡಿ. ಅಪಾಯವೆನಿಸಿದರೆ 112ಕ್ಕೆ ಫೋನ್ ಮಾಡಿ.

● ನಿಮ್ಮ ಮನೆಯಲ್ಲೇ ಸಮಾರಂಭವಿದ್ದರೆ ಎರಡು ಚಾಪೆ, ಹೊದಿಕೆ ತೆಗೆದಿಡಿ. ಕುಡಿದ ನೆಂಟರನ್ನು ಬೆಳಿಗ್ಗೆ ಉಪ್ಪಿಟ್ಟು ತಿನ್ನಿಸಿಯೇ ಕಳಿಸಿ. ಆಟೋದವರ ನಂಬರ್ ಗೋಡೆಯ ಮೇಲೆ ಬರೆದಿರಲಿ.

● ಹಿಂದಿನ ಸೀಟಿನಲ್ಲೂ ಬೆಲ್ಟ್ ಹಾಕಿ. ರೇಷ್ಮೆ ಸೀರೆ ಮುದುಡಿದರೆ ಇಸ್ತ್ರಿ ಮಾಡಬಹುದು!

ಕಾನೂನೂ ನಮ್ಮ ಪರವಾಗಿದೆ. ನಮ್ಮ ದೇಶದಲ್ಲಿ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಇರಕೂಡದು. ಫ್ರಾನ್ಸಿನ ಮಿತಿಗಿಂತ ಇದು ಕಡಿಮೆ. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆಮನೆ, ಅಥವಾ ಎರಡೂ. “ಪೊಲೀಸರು ಹಿಡೀತಾರೆ ಕಣ್ರೀ” ಎಂದು ಹೇಳಿದರೂ ಸಾಕು, ಎಷ್ಟೋ ಜನ ಕೀ ಕೊಟ್ಟುಬಿಡುತ್ತಾರೆ.

ಆ ರಾತ್ರಿ ಅವರು ಕೋಪಿಸಿಕೊಳ್ಳಬಹುದು, ಮಾತು ಬಿಡಬಹುದು. ಬಿಡಲಿ. ಬೆಳಗಾದ ಮೇಲೆ ಕಾಫಿ ಕೇಳಲು ಅಡಿಗೆಮನೆಗೆ ಬಂದೇ ಬರುತ್ತಾರೆ. ಅಷ್ಟಾದರೆ ನಮಗೆ ಸಾಲದೇ?