ಶ್ವಾಸಕೋಶಕ್ಕೆ ಅನ್ನಾಂಗದ ರಕ್ಷೆ

ರೋಗವನ್ನು ನೀಗುವ ಮದ್ದು ಕೆಲವೊಮ್ಮೆ ದೇಹದ ಬೇರೊಂದು ಅಂಗವನ್ನು ನೋಯಿಸುವುದುಂಟು. ಏಡಿಗಂತಿಯ, ಅಂದರೆ ಕ್ಯಾನ್ಸರಿನ, ಚಿಕಿತ್ಸೆಯಲ್ಲಿ ಬಳಸುವ ಬ್ಲಿಯೊಮೈಸಿನ್ ಇದಕ್ಕೆ ತಕ್ಕ ನಿದರ್ಶನ. ಜಪಾನಿನ ವಿಜ್ಞಾನಿ ಹಮಾವೊ ಉಮೆಝಾವ ಮತ್ತು ಅವರ ಸಂಗಡಿಗರು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಇದನ್ನು ಬೇರ್ಪಡಿಸಿ 1966ರಲ್ಲಿ ಪ್ರಕಟಪಡಿಸಿದರು. ವೃಷಣದ ಕ್ಯಾನ್ಸರ್, ಹಾಜ್‌ಕಿನ್ ರೋಗ ಮೊದಲಾದುವುಗಳಲ್ಲಿ ಇದು ಅನೇಕರಿಗೆ ಪ್ರಾಣದಾಯಕವಾಗಿದೆ. ಆದರೆ ಕೆಲವು ರೋಗಿಗಳಲ್ಲಿ ಶ್ವಾಸಕೋಶವು ನಾರುಗಟ್ಟಿ ಗಡುಸಾಗುವುದು, ಉಸಿರಾಟವೇ ದುಸ್ತರವಾಗುವುದು.

ಹೀಗಾಗಲು ಕಾರಣವೇನು? ಬ್ಲಿಯೊಮೈಸಿನ್ ಕಬ್ಬಿಣದೊಡನೆ ಕೂಡಿ, ಆಮ್ಲಜನಕದ ನೆರವಿನಿಂದ ಜೀವಕೋಶದ ಡಿ.ಎನ್.ಎ. ಎಳೆಗಳನ್ನು ತುಂಡರಿಸುತ್ತದೆ. ಈ ಮದ್ದನ್ನು ನಿರ್ವಿಷಗೊಳಿಸುವ ಕಿಣ್ವವೊಂದು ದೇಹದಲ್ಲಿದೆ. ಆದರೆ ಶ್ವಾಸಕೋಶದಲ್ಲಿಯೂ ಚರ್ಮದಲ್ಲಿಯೂ ಅದು ತೀರ ಅಲ್ಪ. ತುಂಡಾದ ಎಳೆಗಳನ್ನು ಸರಿಪಡಿಸುವ ಕಾರ್ಯದಲ್ಲಿ ಎನ್.ಎ.ಡಿ. ಎಂಬ ಸಹಕಿಣ್ವ ವೆಚ್ಚವಾಗುತ್ತದೆ. ಆಹಾರದಿಂದ ಶಕ್ತಿಯನ್ನು ಪಡೆಯುವುದಕ್ಕೂ ಕೋಶಕ್ಕೆ ಬೇಕಾದುದು ಇದೇ. ಪೆಟ್ಟು ವಿಪರೀತವಾದಾಗ ಈ ಭಂಡಾರ ಬರಿದಾಗಿ ಕೋಶವು ಸಾಯುತ್ತದೆ. ಗಾಯಗೊಂಡೆಡೆಯಲ್ಲಿ ಕೊಲ್ಲಜೆನ್ ನಾರು ಬೆಳೆದು ಕಲೆಗಟ್ಟುತ್ತದೆ.

ದೇಹವು ಎನ್.ಎ.ಡಿ.ಯನ್ನು ಕಟ್ಟಿಕೊಳ್ಳಬಲ್ಲುದು ಬಿ ಗುಂಪಿನ ನಿಯಾಸಿನ್ ಎಂಬ ಅನ್ನಾಂಗದಿಂದ. ಹಾಗಾದರೆ ನಿಯಾಸಿನನ್ನು ಹೆಚ್ಚಾಗಿ ಒದಗಿಸಿದರೆ ಶ್ವಾಸಕೋಶ ಉಳಿಯಬಹುದೆ? ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ವಿಭಾಗದಲ್ಲಿ ಎಸ್. ಎನ್. ಗಿರಿ ಮತ್ತು ಸಹೋದ್ಯೋಗಿಗಳು 1990ರ ದಶಕದ ಆದಿಯಲ್ಲಿ ಇದನ್ನು ಪರೀಕ್ಷಿಸಿದರು. ಇಲಿಯಂತಹ ಹ್ಯಾಮ್‌ಸ್ಟರುಗಳ ಶ್ವಾಸನಾಳಕ್ಕೆ ಬ್ಲಿಯೊಮೈಸಿನ್ ಸೇರಿಸಿ, ಕೆಲವಕ್ಕೆ ಮಾತ್ರ ನಿಯಾಸಿನನ್ನೂ ಗಂಧಕಯುಕ್ತವಾದ ಟಾರೀನನ್ನೂ ಕೊಟ್ಟರು. ಇವನ್ನು ಪಡೆದ ಪ್ರಾಣಿಗಳ ಶ್ವಾಸಕೋಶಗಳಲ್ಲಿ ಕೊಲ್ಲಜೆನ್ ಸಂಚಯ ಗಮನಾರ್ಹವಾಗಿ ಕಡಮೆಯಾಗಿತ್ತು.

ಜೋಳದ ಸೀಮೆಯ ನಂಟು

ಈ ಅನ್ನಾಂಗದ ಕಥೆ ನಮ್ಮ ನಾಡಿಗೂ ಸಂಬಂಧಿಸಿದ್ದು. ಇದರ ಕೊರತೆಯಿಂದ ಪೆಲ್ಲಾಗ್ರ ಎಂಬ ರೋಗ ಬರುವುದು. ಬಿಸಿಲು ತಾಗಿದ ಚರ್ಮ ಕಪ್ಪಾಗಿ ಒಡೆಯುವುದು, ಭೇದಿ, ಬುದ್ಧಿಭ್ರಮೆ ಇದರ ಲಕ್ಷಣಗಳು. ನಾಯಿಗಳಲ್ಲಿ ಕಂಡುಬರುವ ಇಂತಹುದೇ ರೋಗವನ್ನು ನಿಯಾಸಿನ್ ಗುಣಪಡಿಸುವುದೆಂದು ಅಮೆರಿಕದ ಕಾನ್ರಾಡ್ ಎಲ್ವೆಜೆಮ್ 1937ರಲ್ಲಿ ತೋರಿಸಿದರು. ದಖ್ಖನ್ ಪ್ರಸ್ಥಭೂಮಿಯಲ್ಲಿ ಜೋಳವನ್ನೇ ನೆಚ್ಚಿದ ಬಡವರಲ್ಲಿ ಈ ರೋಗವನ್ನು ಕಂಡ ಹೈದರಾಬಾದಿನ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲವೇ ಕಾರಣವಿರಬಹುದೆಂದು 1960ರಲ್ಲಿ ಸೂಚಿಸಿದರು. ಈ ಅಭಿಪ್ರಾಯ ಮುಂದೆ ಚರ್ಚೆಗೊಳಗಾಯಿತು.

2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಜೋಳದ ರೊಟ್ಟಿಯ ಊರುಗಳೇ. ಆದರೆ ಇದೇ ಒಣಭೂಮಿಯಲ್ಲಿ ಶೇಂಗಾ ಕೂಡ ಬೆಳೆಯುವುದು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಿಯಾಸಿನ್ ಉಂಟು. ರೊಟ್ಟಿಯೊಡನೆ ಶೇಂಗಾ ಚಟ್ನಿ, ಬೇಳೆ, ಕಾಳು, ಹಾಲು ಸೇರಿದರೆ ಕೊರತೆಯ ಭಯವಿಲ್ಲ.

ಎಚ್ಚರದ ಮಾತು

ಆದರೆ ಆಹಾರದ ಅನ್ನಾಂಗವೇ ಬೇರೆ, ಪ್ರಯೋಗಶಾಲೆಯ ಭಾರಿ ಪ್ರಮಾಣವೇ ಬೇರೆ. ಹ್ಯಾಮ್‌ಸ್ಟರಿನಲ್ಲಿ ಫಲಿಸಿದ್ದು ಮನುಷ್ಯನಲ್ಲಿಯೂ ಫಲಿಸುವುದೆಂಬ ನಿಯಮವಿಲ್ಲ. ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಪುರುಷರನ್ನು ಕುರಿತು ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯನ್ನು ನೋಡಿ: ಎ ಅನ್ನಾಂಗದ ಮೂಲದ್ರವ್ಯವಾದ ಬೀಟಾ ಕ್ಯಾರೊಟಿನ್ ಗುಳಿಗೆಯನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಿತು! ರಕ್ಷಕನೆಂದು ನಂಬಿದುದೇ ಅಪಾಯಕಾರಿಯಾಯಿತು. ಜೊತೆಗೆ, ಆರೋಗ್ಯವಂತ ಕೋಶವನ್ನು ಕಾಯುವ ವಸ್ತು ಗಂತಿಯ ಕೋಶವನ್ನೂ ಕಾಯಬಹುದೆಂಬ ಶಂಕೆಯೂ ಉಂಟು. ಆದುದರಿಂದ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಗುಳಿಗೆಗಳನ್ನು ನುಂಗಬಾರದು. ಪ್ರಾಣಿಗಳ ಮೇಲಿನ ಪ್ರಯೋಗ ನಮಗೆ ದಾರಿಯನ್ನು ತೋರಿಸುವುದು. ಆ ದಾರಿಯ ಕೊನೆಯನ್ನಲ್ಲ.